ಚೌಕದಲ್ಲಿ ನಿಂತ ಚಪ್ಪಲಿ

ಊರ ಸರ್ಕಲ್ಲಿನಲ್ಲಿ ಏನಿರುತ್ತದೆ? ಕುದುರೆ ಏರಿದ ಸರದಾರ, ಬೆರಳೆತ್ತಿ ದಾರಿ ತೋರಿಸುವ ನಾಯಕ, ನಮ್ಮ ಕಡೆಯಾದರೆ ಕತ್ತಿ ಹಿರಿದು ನಿಂತ ಸಂಗೊಳ್ಳಿ ರಾಯಣ್ಣ. ಆಫ್ರಿಕದ ಪೂರ್ವದಂಚಿನಲ್ಲಿ, ಕೆಂಪು ಸಮುದ್ರಕ್ಕೆ ಒರಗಿ ಕೂತ ಎರಿಟ್ರಿಯಾ ಎಂಬ ದೇಶವಿದೆ. ಅದರ ರಾಜಧಾನಿ ಅಸ್ಮಾರಾದ ಒಂದು ಚೌಕದಲ್ಲಿ ನಿಂತಿರುವುದೇನು ಗೊತ್ತೇ? ಒಂದು ಜೊತೆ ಚಪ್ಪಲಿ! ಮಳೆಗಾಲದಲ್ಲಿ ನಮ್ಮ ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದಂಥದೇ, ಅಡ್ಡಪಟ್ಟಿ, ಬಕಲ್ ಇರುವ ಪ್ಲಾಸ್ಟಿಕ್ ಸ್ಯಾಂಡಲ್ಲು. ಅದನ್ನೇ ದೈತ್ಯನ ಅಳತೆಗೆ ಹಿಗ್ಗಿಸಿ ನಿಲ್ಲಿಸಿದ್ದಾರೆ. ಒಳಗೆ ಪಾದವಿಲ್ಲ, ಪಾದದ ಮೇಲೆ ಮನುಷ್ಯನಿಲ್ಲ. ಮೊದಲ ಸಲ ಆ ಫೋಟೊ ನೋಡಿದಾಗ ಯಾವುದೋ ಪಾದರಕ್ಷೆ ಕಂಪನಿಯ ಜಾಹೀರಾತು ಅಂದುಕೊಂಡೆ.

ಅಲ್ಲ, ಅದು ಯುದ್ಧ ಸ್ಮಾರಕ! ಆ ಚಪ್ಪಲಿಯ ಹೆಸರು ಶಿದಾ. ಅದನ್ನು ಮೆಟ್ಟಿಕೊಂಡ ಗೆರಿಲ್ಲಾಗಳು ಇಥಿಯೋಪಿಯಾದ ಸೈನ್ಯವನ್ನು, ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಆಗ ಅದಕ್ಕಿಂತ ದೊಡ್ಡ ಸೈನ್ಯ ಇರಲಿಲ್ಲ, ಮೂವತ್ತು ವರ್ಷ ಕಾದಾಡಿ ಮಣಿಸಿದರು. ಎರಿಟ್ರಿಯಾ ನಮ್ಮ ಕರ್ನಾಟಕದ ಮೂರನೇ ಎರಡರಷ್ಟೂ ಇಲ್ಲದ ನಾಡು. ಅವರ ಬೆನ್ನಿಗೆ ಅಮೆರಿಕವೂ ಇರಲಿಲ್ಲ, ಸೋವಿಯತ್ ಒಕ್ಕೂಟವೂ ಇರಲಿಲ್ಲ. ತಮಾಷೆಯೆಂದರೆ ಆ ಇಬ್ಬರೂ ಒಬ್ಬರಾದ ಮೇಲೊಬ್ಬರಂತೆ ಎದುರಾಳಿಯ ಬೆನ್ನಿಗಿದ್ದರು. ಹಾಗಾದರೆ ಇದು ನಡೆದದ್ದಾದರೂ ಹೇಗೆ? ಆ ಚಪ್ಪಲಿಯ ಜಾಡು ಹಿಡಿದು ಹೊರಟವನಿಗೆ ಎದುರಾದದ್ದು ಒಂದು ಸೈನ್ಯವಲ್ಲ, ನೆಲದಡಿಯಲ್ಲಿ ಹೂಡಿದ್ದ ಒಂದು ಇಡೀ ಸಂಸಾರ.

ಮೊದಲು ಸ್ವಲ್ಪ ಹಿನ್ನೆಲೆ. ಎರಿಟ್ರಿಯಾ 1890ರಿಂದ ಇಟಲಿಯ ವಸಾಹತು. ಎರಡನೇ ಮಹಾಯುದ್ಧದಲ್ಲಿ ಇಟಲಿ ಸೋತಾಗ ನಾಡು ಬ್ರಿಟಿಷರ ಕೈಗೆ ಬಂತು. 1952ರಲ್ಲಿ ವಿಶ್ವಸಂಸ್ಥೆಯ ತೀರ್ಮಾನದಂತೆ ಇಥಿಯೋಪಿಯಾದ ಜೊತೆ ಒಕ್ಕೂಟವಾಯಿತು. ಹತ್ತೇ ವರ್ಷಕ್ಕೆ, 1962ರಲ್ಲಿ, ಚಕ್ರವರ್ತಿ ಹೈಲೆ ಸೆಲಾಸಿ ಒಕ್ಕೂಟವನ್ನೇ ನುಂಗಿಹಾಕಿ ಎರಿಟ್ರಿಯಾವನ್ನು ತನ್ನದೊಂದು ಪ್ರಾಂತ್ಯ ಮಾಡಿಕೊಂಡ.

ಆದರೆ ಗುಟ್ಟಿನ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. 1958ರಲ್ಲಿ ಸುಡಾನಿನ ಪೋರ್ಟ್ ಸುಡಾನ್ ಬಂದರಿನಲ್ಲಿ ಮೊಹಮ್ಮದ್ ಸಯೀದ್ ನವುದ್ ಮತ್ತು ಗೆಳೆಯರು ಒಂದು ಸಂಘಟನೆ ಕಟ್ಟಿದರು. ಅರಬ್ಬಿ ಆಡುವವರು ಅದನ್ನು ಹರಕಾ, ಅಂದರೆ ಚಳವಳಿ ಎಂದರು. ಎತ್ತರದ ಸೀಮೆಯ ತಿಗ್ರಿನ್ಯಾ ಭಾಷಿಕರು ಕೊಟ್ಟ ಹೆಸರು ಇನ್ನೂ ಸೊಗಸು: ‘ಮಹಬೆರ್ ಶೌವಾತೆ’, ಏಳರ ಸಂಘ! ಒಂದು ಗುಂಪಿನಲ್ಲಿ ಏಳೇ ಜನ. ಅವರಿಗೆ ಪರಸ್ಪರ ಗೊತ್ತು, ಆಚೆಯ ಗುಂಪಿನಲ್ಲಿ ಯಾರಿದ್ದಾರೋ ಗೊತ್ತಿಲ್ಲ. ಈಗ ಮಗ್ಗಿ ಹೇಳಿ ನೋಡಿ. ಏಳರಲ್ಲಿ ಪ್ರತಿಯೊಬ್ಬ ಮತ್ತೆ ಏಳು ಜನರನ್ನು ಹುಡುಕಿದರೆ ಏಳೇಳು ನಲವತ್ತೊಂಬತ್ತು. ಅವರೂ ಹಾಗೇ ಮಾಡಿದರೆ 343. ಮತ್ತೊಂದು ಸುತ್ತಿಗೆ 2,401. ಐದನೇ ಸುತ್ತಿಗೆ 16,807! ಪೊಲೀಸರು ಒಬ್ಬನನ್ನು ಹಿಡಿದು ಎಷ್ಟೇ ಬಡಿದರೂ ಅವನ ಬಾಯಲ್ಲಿ ಬೆರಳೆಣಿಕೆಯ ಹೆಸರಿಗಿಂತ ಹೆಚ್ಚು ಬರುವುದು ಕಷ್ಟ, ಅವನಿಗೇ ಗೊತ್ತಿಲ್ಲವಲ್ಲ. ಕಾಗದದ ಮೇಲಿನ ಲೆಕ್ಕ ಇದು, ಬದುಕಿನಲ್ಲಿ ಇಷ್ಟು ಸಲೀಸಾಗಿ ಗುಣಿಸಿಕೊಂಡು ಹೋಗುವುದಿಲ್ಲ. ಆದರೂ ಗಡಿಯಾರ, ಗುಮಾಸ್ತಿಕೆ, ಮೇಷ್ಟರಿಕೆ ಎಂದು ಬದುಕಿದ್ದ ಪೇಟೆಯ ಜನರ ನಡುವೆ ಇದೊಂದು ಅದೃಶ್ಯ ಬಲೆಯಂತೆ ಹಬ್ಬಿತು ನೋಡಿ.

ಬಂದೂಕು ಸಿಡಿದದ್ದು 1961ರ ಸೆಪ್ಟೆಂಬರ್ 1ರಂದು, ಅದಾಲ್ ಎಂಬ ಗುಡ್ಡದಲ್ಲಿ. ಹಿಂದೆ ಇಟಲಿಯವರ ಸೈನ್ಯದಲ್ಲಿದ್ದ ಹಾಮಿದ್ ಇದ್ರಿಸ್ ಅವಾತೆ, ಅವನ ಜೊತೆ ಬೆರಳೆಣಿಕೆಯ ಸಂಗಡಿಗರು, ಕೈಯಲ್ಲಿ ಇಟಲಿ ಕಾಲದ ಹಳೇ ಕೋವಿಗಳು. ಅಷ್ಟೇ!

ಇಲ್ಲಿಂದ ಮುಂದೆ ಕಥೆ ನೇರವಾಗಿ ಗೆಲುವಿನತ್ತ ಓಡುತ್ತದೆ ಅಂದುಕೊಂಡರೆ ತಪ್ಪು. ಅವಾತೆಯ ಹಿಂದೆ ಬೆಳೆದ ಎರಿಟ್ರಿಯನ್ ವಿಮೋಚನಾ ರಂಗ 1965ರಲ್ಲಿ ಅಲ್ಜೀರಿಯಾದ ಹೋರಾಟಗಾರರ ಮಾದರಿಯನ್ನು ಎತ್ತಿಕೊಂಡು ನಾಡನ್ನು ವಲಯಗಳಾಗಿ ಹಂಚಿತು. ಅಲ್ಜೀರಿಯಾಕ್ಕೆ ಒಗ್ಗಿದ್ದು ಇಲ್ಲಿ ಒಗ್ಗಲಿಲ್ಲ. ವಲಯಗಳು ಬುಡಕಟ್ಟು, ಧರ್ಮದ ಗೆರೆಯ ಮೇಲೇ ಬಿದ್ದವು. ನಾಯಕರು ಕೈರೋದಲ್ಲಿ, ಕಚೇರಿ ಸುಡಾನಿನ ಕಸ್ಸಲಾದಲ್ಲಿ. ಬೆಟ್ಟದಲ್ಲಿದ್ದ ಒಬ್ಬೊಬ್ಬ ದಳಪತಿಯೂ ಒಬ್ಬೊಬ್ಬ ಪಾಳೇಗಾರ! ಅವನದೇ ಕಂದಾಯ, ಅವನದೇ ನ್ಯಾಯ. ಅದೇ 1965ರಲ್ಲಿ ಏಳರ ಸಂಘದವರು ತಾವೂ ಒಂದು ಸಶಸ್ತ್ರ ತುಕಡಿ ಕಳಿಸಿದಾಗ ಅದನ್ನು ಹೊಡೆದು ಮುಗಿಸಿದ್ದು ಇಥಿಯೋಪಿಯಾ ಅಲ್ಲ, ಈ ವಿಮೋಚನಾ ರಂಗವೇ. ಇದರಿಂದ ಬೇಸತ್ತು ಸಿಡಿದುಹೋದ ಗುಂಪುಗಳು 1970ರ ದಶಕದಲ್ಲಿ ಒಂದಾಗಿ ಎರಿಟ್ರಿಯನ್ ಜನತಾ ವಿಮೋಚನಾ ರಂಗವಾದವು. ಚೀನಾದಲ್ಲಿ ತರಬೇತಿ ಪಡೆದು ಬಂದಿದ್ದ ಇಸಾಯಾಸ್ ಅಫೆವರ್ಕಿ, ರಮದಾನ್ ಮೊಹಮ್ಮದ್ ನೂರ್ ಮುಂತಾದವರು ಅದರ ಮುಂದಾಳುಗಳು. ಅಣ್ಣತಮ್ಮಂದಿರ ಈ ಎರಡು ರಂಗಗಳು ತಮ್ಮೊಳಗೇ ಎರಡು ಸಲ ಯುದ್ಧ ಮಾಡಿದವು. 1981ರ ಹೊತ್ತಿಗೆ ಹಳೆಯದು ಸುಡಾನಿಗೆ ಓಡಬೇಕಾಯಿತು.

ಹೊಸ ರಂಗ ಪಾಳೇಗಾರಿಕೆಯ ಬೇರನ್ನೇ ಕಿತ್ತಿತು. ಒಂಬತ್ತು ಭಾಷಾ ಸಮುದಾಯದ, ಕ್ರೈಸ್ತ, ಮುಸ್ಲಿಂ ಎರಡೂ ಧರ್ಮದ ಹುಡುಗರನ್ನು ಹುಡುಗಿಯರನ್ನು ಒಂದೇ ತುಕಡಿಯಲ್ಲಿ ಕಲಸಿಬಿಟ್ಟಿತು. ಸಂಬಳ ಇಲ್ಲ. ಭುಜದ ಮೇಲೆ ಪಟ್ಟಿ, ನಕ್ಷತ್ರ ಇಲ್ಲ. ಎಲ್ಲರೂ ‘ತೆಗದಾಲಾಯ್’, ಹೋರಾಟಗಾರ, ಅಷ್ಟೇ. ದಳಪತಿಯ ಕಾಲಲ್ಲೂ ಶಿದಾ, ಅಡುಗೆಯವನ ಕಾಲಲ್ಲೂ ಶಿದಾ. ಯುದ್ಧ ಮುಗಿಯುವ ಹೊತ್ತಿಗೆ ಹೋರಾಟಗಾರರಲ್ಲಿ ಸುಮಾರು ಮೂರನೇ ಒಂದು ಪಾಲು ಹೆಂಗಸರಿದ್ದರು. ಬರೀ ದಾದಿಯರಲ್ಲ, ಟ್ಯಾಂಕ್ ಓಡಿಸುವವರು, ಲಾರಿ ರಿಪೇರಿಯವರು, ಮುಂಚೂಣಿಯ ಬಂದೂಕಿನವರು!

1977ರಲ್ಲಿ ಬಂಡುಕೋರರು ನಾಡಿನ ಬಹುಪಾಲನ್ನು ಹಿಡಿದಿದ್ದರು, ಇನ್ನೇನು ಮುಗಿಯಿತು ಅನ್ನುವಾಗ ಸೋವಿಯತ್ ಒಕ್ಕೂಟ ಚಕ್ರವರ್ತಿಯ ಜಾಗಕ್ಕೆ ಬಂದಿದ್ದ ಇಥಿಯೋಪಿಯಾದ ಹೊಸ ಸೈನಿಕ ದೊರೆ ಮೆಂಗಿಸ್ಟು ಹೈಲೆ ಮರಿಯಂಗೆ ಟ್ಯಾಂಕು, ಫಿರಂಗಿ, ಮಿಗ್ ವಿಮಾನಗಳನ್ನು ಸುರಿಯಿತು. 1978ರಲ್ಲಿ ಜನತಾ ರಂಗ ಗೆದ್ದ ಪಟ್ಟಣಗಳನ್ನು ಒಂದೊಂದಾಗಿ ಬಿಟ್ಟು ಉತ್ತರದ ಸಾಹೆಲ್ ಬೆಟ್ಟಗಳಿಗೆ ಹಿಂದೆ ಸರಿಯಿತು. ಓಡಿಹೋಗಲಿಲ್ಲ. ಕಿತ್ತೊಯ್ಯಬಹುದಾದ ಯಂತ್ರಗಳನ್ನೆಲ್ಲ ಹೊತ್ತುಕೊಂಡೇ ಹೋಯಿತು.

ನಾನು ಬೆರಗಾಗಿ ಕೂತದ್ದು ಇಲ್ಲಿ!

ಆ ಬೋಳು ಬೆಟ್ಟಗಳ ನಡುವೆ ಒರೋಟಾ ಎಂಬ ಕಣಿವೆ. ಹಗಲಲ್ಲಿ ಮೇಲಿನಿಂದ ವಿಮಾನದಲ್ಲಿ ನೋಡಿದರೆ ಕಲ್ಲು, ಜಾಲಿ ಮರ, ಬಿಸಿಲು. ಕತ್ತಲಾಗಲಿ, ಬೆಟ್ಟದ ಹೊಟ್ಟೆಯೇ ಎದ್ದು ಕೂರುತ್ತದೆ! ಗುಡ್ಡದ ಪಕ್ಕೆ ಕೊರೆದು, ಮೇಲೆ ಕಲ್ಲು ಮುಳ್ಳು ಹೊದಿಸಿ ಕಟ್ಟಿದ ಆಸ್ಪತ್ರೆ. ಒಂದು ವಾರ್ಡಿಗೂ ಇನ್ನೊಂದಕ್ಕೂ ಅಂತರ ಬಿಟ್ಟು ಕಟ್ಟಿದ್ದರಿಂದ ಕಣಿವೆಯುದ್ದಕ್ಕೂ ಸುಮಾರು 5 ಕಿಲೋಮೀಟರ್ ಚಾಚಿತ್ತು. ಜಗತ್ತಿನ ಅತಿ ಉದ್ದದ ಆಸ್ಪತ್ರೆ ಎಂದು ನೋಡಿ ಬಂದವರು ಕರೆದದ್ದು ಇದನ್ನೇ. ಒಂದು ಬಾಂಬಿಗೆ ಇಡೀ ಆಸ್ಪತ್ರೆ ಸಿಗಬಾರದು, ಅದು ಲೆಕ್ಕಾಚಾರ. ಜನರೇಟರ್ ಬೆಳಕಿನಲ್ಲಿ ಆಪರೇಷನ್ನು. ಪಕ್ಕದಲ್ಲೇ ಔಷಧ ಕಾರ್ಖಾನೆ, ಗುಳಿಗೆಗಳನ್ನು ಅವರೇ ಒತ್ತುತ್ತಿದ್ದರು, ಸಲೈನನ್ನು ಅವರೇ ತಯಾರಿಸಿ ಬಾಟಲಿಗೆ ತುಂಬುತ್ತಿದ್ದರು! ಅಲ್ಲಿಂದಾಚೆ ಲೇತ್ ಮಿಷನ್ನುಗಳ ವರ್ಕ್‌ಶಾಪು, ಬಡಗಿಖಾನೆ, ರೇಡಿಯೊ ರಿಪೇರಿ, ಕೈಗಡಿಯಾರ ರಿಪೇರಿ, ಹೊಲಿಗೆ ಮನೆ. ಹೋರಾಟಗಾರ್ತಿಯರಿಗಾಗಿ ಮುಟ್ಟಿನ ಪ್ಯಾಡ್ ತಯಾರಿಸುವ ಘಟಕ. ಯೋಚಿಸಿ, 1980ರ ದಶಕದಲ್ಲಿ ಎಷ್ಟು ದೇಶಗಳ ಸೈನ್ಯಕ್ಕೆ ಇದು ಹೊಳೆದಿತ್ತು? ಮತ್ತೆ ನಮ್ಮ ಚಪ್ಪಲಿಯ ಕಾರ್ಖಾನೆಯೂ ಅಲ್ಲೇ. ಪ್ಲಾಸ್ಟಿಕ್ ಆದ್ದರಿಂದ ಹೊಳೆಯಲ್ಲಿ ನಡೆದರೂ ಕೊಳೆಯದು, ಪಟ್ಟಿ ಕಿತ್ತರೆ ಬೆಂಕಿಗೆ ಹಿಡಿದು ಅಂಟಿಸಿದರಾಯಿತು.

ಝೀರೋ ಎಂಬ ಅಡ್ಡಹೆಸರಿನ ಕಣಿವೆಯಲ್ಲಿ ಮಕ್ಕಳ ಶಾಲೆ. ಮರದಡಿ ಪಾಠ, ಮಿಗ್ ಸದ್ದು ಕೇಳಿದರೆ ಬಂಡೆಯ ಸಂದಿಗೆ ಓಟ. ಓದು ಬಾರದೆ ಬಂದ ಹೋರಾಟಗಾರನಿಗೆ ಕಂದಕದೊಳಗೇ ಅಕ್ಷರಾಭ್ಯಾಸ. ಸೆರೆಸಿಕ್ಕ ಇಥಿಯೋಪಿಯಾದ ಸೈನಿಕರಿಗೂ ಪಾಠ ಹೇಳಿದ್ದುಂಟು! 1979ರಿಂದ ‘ದಿಮ್ತ್ಸಿ ಹಫಾಶ್’, ಜನಸಾಮಾನ್ಯರ ದನಿ ಎಂಬ ರೇಡಿಯೊ ಅದೇ ಬೆಟ್ಟಗಳಿಂದ ಮಾತಾಡತೊಡಗಿತು. ಇಟಲಿಯ ಬೊಲೊನ್ಯಾದಲ್ಲಿ ವರ್ಷ ವರ್ಷ ಜಾತ್ರೆ ನಡೆಸಿ ಪರದೇಶದ ಎರಿಟ್ರಿಯನ್ನರು ದುಡ್ಡು ಕೂಡಿಸುತ್ತಿದ್ದರು. ಆ ದುಡ್ಡಿನ ಸಾಮಾನು, ಬರಗಾಲದ ಧಾನ್ಯ ಎಲ್ಲ ಪೋರ್ಟ್ ಸುಡಾನಿನಿಂದ ಲಾರಿಗಳಲ್ಲಿ ಬರುತ್ತಿತ್ತು, ರಾತ್ರಿ ಮಾತ್ರ. ಬೆಳಗಾಗುವುದರೊಳಗೆ ಲಾರಿ ಮುಳ್ಳುಕಂಟಿಯ ಕೆಳಗೆ ಮಾಯ. ಬೆಟ್ಟ ಕಡಿದು ಕೈಯಲ್ಲೇ ಮಾಡಿದ ಒಂದು ರಸ್ತೆಗೆ ಅವರಿಟ್ಟ ಹೆಸರು ‘ಸವಾಲಿನ ರಸ್ತೆ’. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಲೇಖಕಿ ಅಮೃತ್ ವಿಲ್ಸನ್ ಎರಿಟ್ರಿಯಾದ ಹೋರಾಟಗಾರ್ತಿಯರ ಬಗ್ಗೆ 1991ರಲ್ಲಿ ಬರೆದ ಪುಸ್ತಕಕ್ಕೆ ಅದೇ ಹೆಸರಿಟ್ಟರು.

1987ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ಫ್ರೆಡ್ ಹಾಲೋಸ್ ಇಲ್ಲಿಗೆ ಬಂದ. ಬೆಟ್ಟದೊಳಗೆ ಗುಳಿಗೆ ಒತ್ತುವ ಜನ ಕಣ್ಣಿನೊಳಗೆ ಕೂರಿಸುವ ಮಸೂರವನ್ನೂ ಮಾಡಬಲ್ಲರು ಎಂದು ಅವನಿಗೆ ಅನ್ನಿಸಿತು. ಮಾಡಿಯೂ ಬಿಟ್ಟರು! ಅಸ್ಮಾರಾದ ಮಸೂರ ಕಾರ್ಖಾನೆ ತೆರೆದದ್ದು 1994ರಲ್ಲಿ, ಹಾಲೋಸ್ ತೀರಿಕೊಂಡ ಮರುವರ್ಷ.

ಇನ್ನು ಕಾಳಗ. ಗೆರಿಲ್ಲಾ ಯುದ್ಧ ಎಂದರೆ ಹೊಡಿ, ಓಡು. ನೆಲ ಹಿಡಿದು ಕೂತೆಯೋ ಕೆಟ್ಟೆ. ಆದರೆ ಇವರು ನಕ್ಫಾ ಎಂಬ ಪಟ್ಟಣದ ಸುತ್ತ ಕಲ್ಲುಬೆಟ್ಟಗಳಲ್ಲಿ ಕಂದಕ ತೋಡಿ ಹತ್ತು ವರ್ಷ ಕೂತೇಬಿಟ್ಟರು! ಕೆಲವೆಡೆ ಶತ್ರುವಿನ ಕಂದಕ ಕೂಗಳತೆಯ ದೂರ. 1982ರಲ್ಲಿ ‘ಕೆಂಪು ನಕ್ಷತ್ರ’ ಎಂಬ ಹೆಸರಿನಲ್ಲಿ ಮೆಂಗಿಸ್ಟು ಲಕ್ಷಕ್ಕೂ ಮೀರಿದ ಸೈನ್ಯವನ್ನು ಹೂಡಿದ, ಮೇಲ್ವಿಚಾರಣೆಗೆ ತಾನೇ ಅಸ್ಮಾರಾಕ್ಕೆ ಬಂದು ಕೂತ. ನಕ್ಫಾ ಪಟ್ಟಣ ಪುಡಿಪುಡಿಯಾಯಿತು, ಮಸೀದಿಯ ಒಂದು ಮಿನಾರು ಬಿಟ್ಟು. ಕಂದಕ ಮಾತ್ರ ಬೀಳಲಿಲ್ಲ. ಇವತ್ತು ಎರಿಟ್ರಿಯಾದ ರೂಪಾಯಿಯ ಹೆಸರೇ ನಕ್ಫಾ.

ಆಯುಧ? ಅದೂ ಶತ್ರುವಿನದೇ. ಮಾಸ್ಕೊ ಕಳಿಸಿದ ಟ್ಯಾಂಕು ಮೊದಲು ಇಥಿಯೋಪಿಯಾಕ್ಕೆ ಬರುತ್ತಿತ್ತು, ಆಮೇಲೆ ವಿಳಾಸ ಬದಲಿಸಿ ಬೆಟ್ಟಕ್ಕೆ! 1988ರ ಫೆಬ್ರುವರಿಯಲ್ಲಿ ಮೆಂಗಿಸ್ಟು, ಸೋತನೆಂಬ ಸಿಟ್ಟಿಗೆ, ಈ ರಣರಂಗದ ತನ್ನ ಸೇನಾಪತಿ ತಾರಿಕು ಐನೆಗೇ ಮರಣದಂಡನೆ ಕೊಟ್ಟ. ಒಂದು ತಿಂಗಳು ಕಾದು, ಮಾರ್ಚ್ 17ರಂದು ಜನತಾ ರಂಗ ಅಫಾಬೆತ್ ಪಟ್ಟಣದ ಕಡೆ ನುಗ್ಗಿತು. ಹಿಂದೆ ಸರಿಯುತ್ತಿದ್ದ ಸೈನ್ಯದ ಸಾಲು ಕಿರಿದಾದ ಕಣಿವೆಯೊಂದನ್ನು ಹೊಕ್ಕಾಗ ಗೆರಿಲ್ಲಾಗಳು ಮುಂದಿನ ವಾಹನಕ್ಕೆ ಹೊಡೆದರು. ಹಿಂದಿನದೆಲ್ಲ ಸಿಕ್ಕಿಕೊಂಡಿತು. ಇಥಿಯೋಪಿಯಾದ ವಿಮಾನಗಳು ಬಂದವು, ಕಾಪಾಡಲಿಕ್ಕಲ್ಲ! ಟ್ಯಾಂಕುಗಳು ಬಂಡುಕೋರರ ಕೈಸೇರಬಾರದೆಂದು ತಮ್ಮದೇ ಸಾಲಿನ ಮೇಲೆ ಬಾಂಬು ಹಾಕಿದವು. ಮೂವರು ಸೋವಿಯತ್ ಅಧಿಕಾರಿಗಳೂ ಸೆರೆಸಿಕ್ಕರು. ವಿಯೆಟ್ನಾಮಿನ ದಿಯೆನ್ ಬಿಯೆನ್ ಫುವಿನ ನಂತರ ಇಂಥ ಗೆಲುವಿಲ್ಲ ಎಂದು ಇತಿಹಾಸಕಾರ ಬೇಸಿಲ್ ಡೇವಿಡ್‌ಸನ್ ಹೇಳಿದ. ಎರಡು ವರ್ಷ ಕಳೆದು ಮಸಾವಾ ಬಂದರು ಬಿತ್ತು. ಮೋಟಾರು ದೋಣಿಗಳಲ್ಲಿ ಸಮುದ್ರದ ಕಡೆಯಿಂದಲೂ ನುಗ್ಗಿದ್ದರು. 1991ರ ಮೇ 24ರಂದು ಚಪ್ಪಲಿಯ ಸೈನ್ಯ ಅಸ್ಮಾರಾದ ಬೀದಿಗಳಲ್ಲಿತ್ತು, ಜನ ಬೀದಿಯಲ್ಲೇ ಕುಣಿದರು. 1993ರ ಜನಮತಗಣನೆಯಲ್ಲಿ ಸ್ವಾತಂತ್ರ್ಯಕ್ಕೆ ಬಿದ್ದ ಮತ ಶೇಕಡಾ 99.8.

ಕುಣಿತ ನಿಂತ ಮೇಲೆ ಇನ್ನೊಂದು ಗುಟ್ಟು ಬಿಚ್ಚಿಕೊಂಡಿತು. ರಣರಂಗದಲ್ಲಿ ಸತ್ತವರ ಹೆಸರನ್ನು ರಂಗ ಅಷ್ಟು ದಿನ ಹೊರಬಿಟ್ಟಿರಲಿಲ್ಲ. ಸತ್ತವರು ಸುಮಾರು 65,000. ಮಗ, ಮಗಳು ಶಿದಾ ಮೆಟ್ಟಿಕೊಂಡು ಬೆಟ್ಟ ಇಳಿದು ಬರಬಹುದೆಂದು ಬಾಗಿಲಲ್ಲಿ ನಿಂತಿದ್ದ ತಾಯಂದಿರಿಗೆ ಸುದ್ದಿ ತಲುಪಿದ್ದು ಗೆದ್ದ ಮೇಲೆ. ಆ ಸ್ಮಾರಕದ ಚಪ್ಪಲಿಯೊಳಗೆ ಪಾದ ಯಾಕಿಲ್ಲ ಎಂದು ಆಮೇಲೆ ನಾನು ಕೇಳಲಿಲ್ಲ.

ಮೂರನೆಯ ಗುಟ್ಟು ಹೊರಬಿದ್ದದ್ದು 1994ರಲ್ಲಿ, ನಕ್ಫಾದಲ್ಲೇ ಸೇರಿದ ಮಹಾಧಿವೇಶನದಲ್ಲಿ. ರಂಗದೊಳಗೆ 1971ರಿಂದಲೂ ಒಂದು ಗುಪ್ತ ಪಕ್ಷವಿತ್ತು ಎಂದು ಇಸಾಯಾಸ್ ಹೇಳಿದ! ಇಪ್ಪತ್ತು ವರ್ಷ ಒಂದೇ ಕಂದಕದಲ್ಲಿ ಉಂಡು ಮಲಗಿದ ಎಷ್ಟೋ ಹೋರಾಟಗಾರರಿಗೆ ಅದು ಗೊತ್ತೇ ಇರಲಿಲ್ಲ. ಅಧಿವೇಶನಗಳಲ್ಲಿ ಅವರು ಕೈಯೆತ್ತಿ ಒಪ್ಪಿದ ಕಾರ್ಯಕ್ರಮ, ಆರಿಸಿದ ಹೆಸರುಗಳು ಮೊದಲೇ ಆ ಪಕ್ಷದ ಕೋಣೆಯಲ್ಲಿ ಗೊತ್ತಾಗಿರುತ್ತಿದ್ದವು ಎಂದು ಅಮೆರಿಕದ ಪತ್ರಕರ್ತ ಡಾನ್ ಕಾನೆಲ್ ಮುಂದೆ ಬಿಡಿಸಿ ಬರೆದ. ಇದನ್ನು ಓದಿದ ಮೇಲೆ ಹಿಂದಿನ ಒಂದು ಪುಟಕ್ಕೆ ಮತ್ತೆ ಹೋದೆ. 1973ರಲ್ಲಿ ಕೆಲವು ವಿದ್ಯಾವಂತ ಹುಡುಗರು ರಂಗದೊಳಗೆ ಹೆಚ್ಚು ಪ್ರಜಾಪ್ರಭುತ್ವ ಬೇಕೆಂದು ಕೇಳಿದ್ದರು. ‘ಮೆಂಕಾ’, ಅಂದರೆ ಬಾವಲಿಗಳು, ಎಂಬ ಹೆಸರು ಅವರಿಗೆ ಬಿತ್ತು, ಕತ್ತಲಲ್ಲಿ ಸಭೆ ಸೇರುವವರೆಂದು. ಅವರ ಮುಂದಾಳುಗಳನ್ನು ರಂಗವೇ ಕೊಂದಿತ್ತು. ಅಲ್ಲ, ಕತ್ತಲಲ್ಲಿ ಸಭೆ ಸೇರುತ್ತಿದ್ದದ್ದು ನಿಜಕ್ಕೂ ಯಾರು?

1997ರಲ್ಲಿ ಸಂವಿಧಾನ ಒಪ್ಪಿದರು, ಜಾರಿಗೆ ಬರಲಿಲ್ಲ. ಅಧ್ಯಕ್ಷ ಇಸಾಯಾಸ್ ಇಂದಿಗೂ ಜನರ ಮುಂದೆ ಚುನಾವಣೆಗೆ ನಿಂತವರಲ್ಲ. 2001ರಲ್ಲಿ ರಂಗದ ಹದಿನೈದು ಹಿರಿಯರು ಸುಧಾರಣೆ ಬೇಕೆಂದು ಬಹಿರಂಗ ಪತ್ರ ಬರೆದರು. ಸೆಪ್ಟೆಂಬರಿನಲ್ಲಿ ಅವರಲ್ಲಿ ಹನ್ನೊಂದು ಜನರ ಬಂಧನವಾಯಿತು, ಖಾಸಗಿ ಪತ್ರಿಕೆಗಳೆಲ್ಲ ಮುಚ್ಚಿದವು. ಬಂಧಿತರಲ್ಲಿ ಒಬ್ಬರು ಪೆಟ್ರೋಸ್ ಸೊಲೊಮನ್, ಯುದ್ಧಕಾಲದಲ್ಲಿ ರಂಗದ ಗೂಢಚಾರ ವಿಭಾಗವನ್ನು ನಡೆಸಿದವರು. ಅವರ ಹೆಂಡತಿ ಆಸ್ತೆರ್ ಯೊಹಾನ್ನೆಸ್ ಕೂಡ ಬೆಟ್ಟದಲ್ಲಿ ಹೋರಾಡಿದವರೇ, ಆಗ ಅಮೆರಿಕದಲ್ಲಿ ಓದುತ್ತಿದ್ದರು. 2003ರ ಡಿಸೆಂಬರಿನಲ್ಲಿ ಮಕ್ಕಳಿಗಾಗಿ ವಾಪಸು ಹೊರಟರು. ವಿಮಾನ ಅಸ್ಮಾರಾದಲ್ಲಿ ಇಳಿಯಿತು, ಮಕ್ಕಳು ನಿಲ್ದಾಣದಲ್ಲಿ ಕಾಯುತ್ತಿದ್ದರು. ತಾಯಿಯನ್ನು ಒಳಗಿನಿಂದಲೇ ಕರೆದೊಯ್ದರು. ಗಂಡ ಹೆಂಡತಿ ಇಬ್ಬರನ್ನೂ ಯಾವ ಕೋರ್ಟಿನ ಮುಂದೂ ನಿಲ್ಲಿಸಿಲ್ಲ.