ಬಸ್ಸಿನ ಪಕ್ಕೆಯ ಕಾಮನಬಿಲ್ಲು

ಮಂಗಳೂರಿನಲ್ಲಿ ‘ಸ್ಟೇಟ್ ಬ್ಯಾಂಕ್’ ಎಂದರೆ ಮೊದಲು ನೆನಪಾಗುವುದು ಬಸ್ ನಿಲ್ದಾಣ, ಆಮೇಲೆ ಬ್ಯಾಂಕು. ಅಲ್ಲಿಂದ ಹೊರಡುವ ಖಾಸಗಿ ಸಿಟಿ ಬಸ್ಸುಗಳ ಮುಂದಿನ ಗಾಜಿನ ಮೇಲೆ ದೇವಿಯ ಹೆಸರೋ ಸಂತರ ಹೆಸರೋ ಇರುತ್ತದೆ. ಕೆಲವುಗಳ ಪಕ್ಕೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಕಾಮನಬಿಲ್ಲಿನ ಬಣ್ಣದ ಪಟ್ಟಿ. ಹೆಸರು ಮಾಲೀಕರ ಭಕ್ತಿಯನ್ನು ಹೇಳಿದರೆ, ಪಟ್ಟಿ ಯಾರ ಪರವಾಗಿಯೂ ಮಾತಾಡುವುದಿಲ್ಲ. ಅದು ಎಲ್ಲರದಾಗಲು ಆ ಮೌನವೇ ಕಾರಣ. ಸಂಸ್ಕೃತ ಈ ಬಿಲ್ಲನ್ನು ಇಂದ್ರನಿಗೆ ಕೊಟ್ಟಿತು, ಕನ್ನಡ ಕಾಮನಿಗೆ. ತಲಪಾಡಿ ಗಡಿಯಾಚೆಯ ಮಲಯಾಳಕ್ಕೆ ಅದು ಬರೀ ಮಳೆಯ ಬಿಲ್ಲು. ಬೈಬಲಿನಲ್ಲಿ ಪ್ರಳಯ ಇಳಿದ ಮೇಲೆ ನೋಹನಿಗೆ ದೇವರಿತ್ತ ಮಾತಿನ ಗುರುತು. ಇಂದ್ರನ ಐರಾವತವನ್ನು ಕೆಎಸ್ಸಾರ್ಟಿಸಿ ತನ್ನ ಬಸ್ಸಿನ ಹೆಸರಿಗೆ ಹೊಡೆದುಕೊಂಡಿತು. ಬಿಲ್ಲು ಖಾಸಗಿಯವರ ಪಾಲಿಗೆ ಉಳಿಯಿತು.

ಬಣ್ಣ ಹೊಡೆಯುವವರಿಗೆ ಈ ಪುರಾಣವೆಲ್ಲ ಬೇಕಿಲ್ಲ, ಪಟ್ಟಿ ಬರೀ ಅಲಂಕಾರ ಎಂದು ವಾದಿಸಬಹುದು. ಆದರೆ ಅದು ಸುಮ್ಮನೆ ಮೂಡುವುದಿಲ್ಲ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮುನ್ನ ಉಪ್ಪುಗಾಳಿಗೆ ಹಿಡಿದ ತುಕ್ಕನ್ನು ಕೆರೆದು, ಪುಟ್ಟಿ ತುಂಬಿ, ಮರಳು ಕಾಗದದಿಂದ ತಿಕ್ಕಿ, ಪ್ರೈಮರ್ ಹೊಡೆದ ಮೇಲೆ ಪಟ್ಟಿಯ ಸರದಿ. ತಿಳಿಯಾದ ಹಳದಿ ಮೊದಲು. ಒಣಗಿದ ಮೇಲೆ ಅದರ ಅಂಚಿಗೆ ಟೇಪು ಅಂಟಿಸಿ ಕಿತ್ತಳೆ, ಆಮೇಲೆ ಕೆಂಪು. ಟೇಪು ಕೂದಲೆಳೆಯಷ್ಟು ಸಡಿಲವಾದರೂ ಬಣ್ಣ ಒಳಗೆ ನುಸುಳಿ ಅಂಚು ಹಲ್ಲುಹಲ್ಲಾಗುತ್ತದೆ. ಜಾಗ ಸಾಲದಿದ್ದರೆ ಊದಾ ಬಿಡಬಹುದು, ಯಾರೂ ಕೇಳುವುದಿಲ್ಲ. ಅದನ್ನು ಬೇರೆ ಬಣ್ಣವೆಂದು ಎಣಿಸಿ ಏಳು ಮಾಡಿದವನೇ ನ್ಯೂಟನ್. ಈಗ ಯಂತ್ರ ಕತ್ತರಿಸಿದ ಸ್ಟಿಕ್ಕರು ಬಂದಿದೆ. ಅಂಚು ನೇರವಾಗಿಯೇ ಇರುತ್ತದೆ, ಆದರೆ ಟೇಪು ಎಳೆಯುವ ಆ ಕೈಗೆ ಕೆಲಸವಿಲ್ಲ. ಇಷ್ಟಕ್ಕೂ ಅರ್ಥ ಬಳಿದವರ ಮನಸ್ಸಿನಲ್ಲಿಯೇ ಇರಬೇಕೆಂದಿಲ್ಲ. ತುಳು, ಕನ್ನಡ, ಕೊಂಕಣಿ, ಬ್ಯಾರಿ ಒಂದೇ ಬಸ್ಸಿನಲ್ಲಿ ಕೇಳುವ ಊರಿನಲ್ಲಿ, ಬೋರ್ಡು ಓದಲಾಗದವರಿಗೂ ದೂರದಿಂದ ಸಿಗುವ ಗುರುತು ಬಣ್ಣವೇ.

ಇನ್ನೊಂದು ಆಕ್ಷೇಪ ಹೊಸದು: ಕಾಮನಬಿಲ್ಲು ಈಗ ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರ ಬಾವುಟವಲ್ಲವೆ, ಬಸ್ಸಿನ ಮೇಲೆ ಗೊಂದಲವಾಗದೆ? 1978ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಗಿಲ್ಬರ್ಟ್ ಬೇಕರ್ ರೂಪಿಸಿದ ಆ ಬಾವುಟದಲ್ಲಿ ಎಂಟು ಬಣ್ಣವಿತ್ತು. ಗುಲಾಬಿ ಬಟ್ಟೆ ಸಾಕಷ್ಟು ಸಿಗದೆ ಒಂದು ಕಳಚಿತು, ಮುಂದೆ ಆರಕ್ಕೆ ನಿಂತಿತು. ಪಟ್ಟಿ ಬಳಿಯುವವರ ಲೆಕ್ಕಾಚಾರವೂ ಇದೇ ಜಾತಿಯದು. ನೋಹನೂ ಕಾಮನೂ ಜಗಳವಾಡದೆ ಕೂತ ಬಿಲ್ಲಿನಲ್ಲಿ ಮೂರನೆಯವರಿಗೆ ಜಾಗವಿಲ್ಲವೆನ್ನುವುದು ಜಿಪುಣತನ. ನೊಯ್ಡಾ ಮೆಟ್ರೊ 2020ರಲ್ಲಿ ಸೆಕ್ಟರ್ 50ರ ನಿಲ್ದಾಣವನ್ನೇ ಲಿಂಗತ್ವ ಅಲ್ಪಸಂಖ್ಯಾತರಿಗೆ ಅರ್ಪಿಸಿ ಅದಕ್ಕೆ ‘ಪ್ರೈಡ್’ ಎಂದು ಹೆಸರಿಟ್ಟಿತು. ನಮ್ಮಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣವಿದೆ, ಆದರೆ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ಬಣ್ಣದ ಪಟ್ಟಿಯ ಬಸ್ಸು ಹತ್ತಿದರೆ, ಕಂಡಕ್ಟರ್ ‘ರೈಟ್ ಪೋಯಿ’ ಎಂದು ಬಸ್ಸು ಹೊರಡಿಸಿದ ಮೇಲೆ, ಎಲ್ಲರೂ ಟಿಕೆಟು ತೆಗೆದುಕೊಳ್ಳಲೇಬೇಕು.