ಪಾನಾ ಹೊಂದಿದರೆ ನಟ್ಟು ಒಲಿದೀತು

ಔರಾದ ತಾಲ್ಲೂಕಿನ ಚಿಂತಾಕಿ ತೆಲಂಗಾಣದ ಗಡಿಗೆ ಹತ್ತಿರದ ಊರು. ಇಂಥ ಕಡೆ ಮನೆ ಮುಂದಿನ ಹಳೆಯ ಕಾರು ಕೆಟ್ಟು ನಿಂತರೆ ಔರಾದಕ್ಕೋ ಬೀದರಿಗೋ ಎಳೆದೊಯ್ಯಬೇಕು. ರಿಪೇರಿಗಿಂತ ಎಳೆಯುವ ಖರ್ಚೇ ಹೆಚ್ಚಾಗುವುದೂ ಉಂಟು. ಹೀಗಾಗಿ ಪ್ಲಗ್ ಬಿಚ್ಚಿ ನೋಡುವುದು, ಫ್ಯಾನ್ ಬೆಲ್ಟ್ ಬಿಗಿಗೊಳಿಸುವುದು, ಎಂಜಿನ್ ಆಯಿಲ್ ಬದಲಿಸುವುದು ಮುಂತಾದ ಚಿಕ್ಕ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಂಡರೆ ಲಾಭವೇ. ಆದರೆ ಸರಿಹೊಂದದ ಪಾನಾ ಹಾಕಿ ತಿರುವಿ, ನಟ್ಟಿನ ಮೂಲೆಗಳು ಸವೆದು ಗುಂಡಗಾದವೆಂದರೆ ಹತ್ತು ನಿಮಿಷದ ಕೆಲಸ ಎರಡು ದಿನ ಹಿಡಿಯುತ್ತದೆ. ಮನೆ ರಿಪೇರಿ ಕೆಡುವುದು ಹೆಚ್ಚಾಗಿ ಎಂಜಿನ್ ತಿಳಿಯದೆ ಅಲ್ಲ, ಅಳತೆ ತಿಳಿಯದೆ.

ಇಂಚೋ, ಮಿಲಿಮೀಟರೋ?

ಪಾನಾ ಎಂದರೆ ಸ್ಪ್ಯಾನರ್ ಎಂಬುದು ಈ ಕಡೆಯ ಮಕ್ಕಳಿಗೂ ಗೊತ್ತು. ಅದರ ಮೇಲಿನ ಅಂಕಿ ಬೋಲ್ಟಿನ ದಪ್ಪವನ್ನಲ್ಲ, ಅದರ ತಲೆಯ ಎರಡು ಎದುರುಬದುರು ಮುಖಗಳ ನಡುವಿನ ಅಂತರವನ್ನು ಹೇಳುತ್ತದೆ. 6 ಮಿ.ಮೀ. ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 10ರ ಪಾನಾ ಬೇಕಾಗುವುದು ಇದಕ್ಕಾಗಿಯೇ.

ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಅಳತೆಯ ತಿರುಪುಗಳನ್ನು ಮಾಡುತ್ತಿತ್ತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಎಲ್ಲರಿಗೂ ಒಂದೇ ಮಾನಕ ಇರಲೆಂದು ಸೂಚಿಸಿದರು. ಆದರೂ ಇಂಚು ಮತ್ತು ಮಿಲಿಮೀಟರ್‌ಗಳ ಜಗಳ ಮುಗಿಯಲಿಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನ ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿರುವುದು ಇಂಚಿನ ಲೆಕ್ಕ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿರುವುದು ಮಿಲಿಮೀಟರ್ ಲೆಕ್ಕ.

ಒಂದು ಇಂಚಿಗೆ 25.4 ಮಿ.ಮೀ. ಈ ಒಂದು ಅಂಕಿಯಿಂದ ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಬಹುದು. ಅರ್ಧ ಇಂಚೆಂದರೆ 12.7 ಮಿ.ಮೀ.; 13ರ ಪಾನಾ ಕೂರುತ್ತದೆ, ಆದರೆ ಸಡಿಲ. 9/16 ಇಂಚೆಂದರೆ ಸುಮಾರು 14.3 ಮಿ.ಮೀ.; 14 ಒಳಹೋಗದು, 15 ಜಾರುತ್ತದೆ. 3/4 ಇಂಚು ಮಾತ್ರ 19.05 ಆಗಿ 19ಕ್ಕೆ ಬಹುತೇಕ ಸರಿಹೋಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಕಾರಿನ ಕೈಪಿಡಿ ನೋಡಬೇಕು. ಅದಿಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಬೋಲ್ಟಿನ ತಲೆ ಅಳೆಯಬೇಕು. ಪ್ರಯೋಗಶಾಲೆಯಲ್ಲಿ ಕಲಿತ ವರ್ನಿಯರ್ ಇಲ್ಲಿ ಕಾಸು ಉಳಿಸುತ್ತದೆ.

ಮೊದಲು ಯಾವುದು?

ಬೀದರಿನ ಬಿದರಿ ಕುಶಲಕರ್ಮಿ ಎಲ್ಲ ಗೆರೆಗಳನ್ನೂ ಒಂದೇ ಉಳಿಯಿಂದ ಕೊರೆಯುವುದಿಲ್ಲ. ಹಾಗೆಂದು ಬೇಡದ ಉಳಿಗಳನ್ನು ಗುಡ್ಡೆ ಹಾಕಿಕೊಂಡೂ ಕೂರುವುದಿಲ್ಲ. ಕಾರಿನ ಸಾಮಾನಿಗೂ ಇದೇ ನೀತಿ. ನೂರು ತುಂಡುಗಳ ಅಗ್ಗದ ಪೆಟ್ಟಿಗೆಗಿಂತ ಒಳ್ಳೆಯ ಉಕ್ಕಿನ ಹತ್ತು ತುಂಡುಗಳೇ ಮೇಲು. ಜಪಾನ್ ಮೂಲದ ಕಾರುಗಳಿಗೆ ಹೆಚ್ಚಾಗಿ ಬೇಕಾಗುವುದು 8, 10, 12, 14, 17 ಮತ್ತು 19.

ಬಾಯಿ ತೆರೆದ ಪಾನಾ ನಟ್ಟಿನ ಎರಡು ಮುಖಗಳನ್ನಷ್ಟೇ ಹಿಡಿಯುತ್ತದೆ. ರಿಂಗ್ ಪಾನಾ ಮತ್ತು ಸಾಕೆಟ್ ಸುತ್ತಲಿಂದ ಹಿಡಿಯುವುದರಿಂದ ಮೂಲೆ ಸವೆಯುವುದು ಕಡಿಮೆ. ಬಿಗಿಯಾದ ನಟ್ಟನ್ನು ರಿಂಗಿನಿಂದ ಸಡಿಲಿಸಿ, ಆಮೇಲೆ ಬಾಯಿ ಪಾನಾದಿಂದ ಬಿಚ್ಚುವುದು ಜಾಣತನ. ಇವುಗಳ ಜೊತೆಗೆ ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್, ಪ್ಲಗ್ಗಿನ ಸಂದು ಅಳೆಯುವ ಫೀಲರ್ ಗೇಜ್, ಎರಡು ಬಗೆಯ ಸ್ಕ್ರೂಡ್ರೈವರ್, ಇಕ್ಕಳ ಮತ್ತು ಬ್ಯಾಟರಿ ಪರೀಕ್ಷೆಗೆ ಮಲ್ಟಿಮೀಟರ್ ಇದ್ದರೆ ಆರಂಭಕ್ಕೆ ಸಾಕು.

ಎಷ್ಟು ಬಿಗಿ?

ಪಾನಾದ ಹಿಡಿಗೆ ಕಬ್ಬಿಣದ ಪೈಪು ಸೇರಿಸಿ ತಿರುವುವ ರೂಢಿ ಹಲವೆಡೆ ಇದೆ. ಇದರ ಅಪಾಯ ಭೌತಶಾಸ್ತ್ರದ ಪಾಠದಲ್ಲೇ ಇದೆ. ತಿರುಚುಬಲವೆಂದರೆ ಬಲ ಮತ್ತು ದೂರಗಳ ಗುಣಲಬ್ಧ. ಇಪ್ಪತ್ತು ಸೆಂ.ಮೀ. ಹಿಡಿಯ ತುದಿಯಲ್ಲಿ 10 ಕೆ.ಜಿ. ಭಾರದಷ್ಟು ಒತ್ತಿದರೆ ಸುಮಾರು 20 ನ್ಯೂಟನ್ ಮೀಟರ್. ಹಿಡಿ ನಲವತ್ತು ಸೆಂ.ಮೀ. ಆದರೆ ಅದೇ ಕೈಗೆ ಇಮ್ಮಡಿ. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 10ರಷ್ಟೇ ಸಾಕಾಗುವಾಗ, ಪೈಪು ಹಾಕಿದವನ ಕೈಯಲ್ಲಿ ಅದು ಮುರಿಯದೆ ಇನ್ನೇನಾದೀತು!

ಅಲ್ಯೂಮಿನಿಯಂ ತಲೆಯ ಎಂಜಿನ್ನಿನಲ್ಲಿ ಇನ್ನೂ ಎಚ್ಚರ ಬೇಕು. ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುವಬೇಕು. ಮರೆ ಕೆಟ್ಟರೆ ಮನೆಯ ಸಾಮಾನಿನಿಂದ ಅದು ಸರಿಯಾಗುವುದಿಲ್ಲ. ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದೆ ಸಿಲಿಂಡರ್ ಹೆಡ್ ಮುಟ್ಟಲೇಬಾರದು. ಹೆಡ್ಡು, ಟೈಮಿಂಗ್ ಬೆಲ್ಟುಗಳ ಕೆಲಸವನ್ನು ಪಳಗಿದ ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಜಾಕ್ ನಂಬಿ ಮಲಗಬೇಡಿ

ಕೆಟ್ಟ ನಟ್ಟಿಗೆ ಬದಲಿ ಸಿಗುತ್ತದೆ, ಜೀವಕ್ಕೆ ಸಿಗುವುದಿಲ್ಲ. ಜಾಕ್ ಇರುವುದು ಕಾರನ್ನು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಅದೊಂದನ್ನೇ ನಂಬಿ ಯಾರೂ ಕಾರಿನಡಿ ಹೋಗಕೂಡದು. ಜಾಕ್ ಸ್ಟ್ಯಾಂಡ್ ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಅಡ್ಡ ಇಟ್ಟ ಮೇಲೆಯೇ ಕೆಲಸ. ಇಟ್ಟಿಗೆಯ ಆಧಾರ ಬೇಡ. ಅದು ಹೇಳದೆ ಕೇಳದೆ ಒಡೆಯುತ್ತದೆ. ಔರಾದ ಕಡೆಯ ಕಪ್ಪು ನೆಲ ಮಳೆಗಾಲದಲ್ಲಿ ಮೆತ್ತಗಾಗಿ ಜಾಕನ್ನು ಒಳಗೆಳೆದುಕೊಳ್ಳುತ್ತದೆ. ಗಟ್ಟಿ, ಸಮತಟ್ಟು ನೆಲವಿಲ್ಲದಿದ್ದರೆ ಕಾರಿನಡಿಯ ಕೆಲಸವನ್ನೇ ಮುಂದೂಡಬೇಕು. ಎಂಜಿನ್ ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡುವುದೂ ಒಳ್ಳೆಯ ರೂಢಿ.

ಪೆಟ್ಟಿಗೆಯಿಂದ ಕಸುಬಿಗೆ

ಮಗ ಅಥವಾ ಮಗಳು ಪಾನಾ ಹಿಡಿದರೆ ಓದು ಕೆಟ್ಟಿತೆಂದು ಹೆದರುವ ತಂದೆತಾಯಿ ಇದ್ದಾರೆ. ಭಿನ್ನರಾಶಿ, ವರ್ನಿಯರ್, ತಿರುಚುಬಲ ಎಲ್ಲವೂ ಬಾನೆಟ್ಟಿನ ಕೆಳಗೇ ಇರುವಾಗ ಆ ಹೆದರಿಕೆಗೆ ಅರ್ಥವಿಲ್ಲ. ಆಸಕ್ತಿ ಬೆಳೆದರೆ ದಾರಿಯೂ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಗಳಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಎರಡು ವರ್ಷದ ತರಬೇತಿ ಉಂಟು. ಉಪಕರಣಗಳನ್ನು ತಯಾರಿಸುವುದನ್ನೇ ಕಲಿಯಬೇಕೆನ್ನುವವರಿಗೆ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆ ಇದೆ.

ಕೆಲಸ ಮುಗಿದ ಮೇಲೆ ಪ್ರತಿ ಪಾನಾವನ್ನೂ ಒರೆಸಿ, ಎಣಿಸಿ, ಅದರ ಜಾಗದಲ್ಲಿಡುವ ಅಭ್ಯಾಸವನ್ನು ಮೊದಲ ದಿನವೇ ಕಲಿಸಬೇಕು. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಅದು ಎಂಜಿನ್ನಿನ ಸಂದಿಯಲ್ಲೇ ಉಳಿದಿರಬಹುದು. ಅದು ಸಿಗುವವರೆಗೆ ಕಾರಿನ ಚಾವಿ ತಿರುವಬಾರದು.