ತಾಯಿ ಕಾರ್ಡ್ ಮೇಲೆ ಕೆಂಪು ಸ್ಟಿಕ್ಕರ್: ಹೆದರೋದು ಬೇಡ, ಅಸಡ್ಡೆಯೂ ಬೇಡ

ಗರ್ಭಿಣಿಯ ತಾಯಿ ಕಾರ್ಡ್ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿದ್ದಾರೆ ಅಂದ್ರೆ ಮಗುವಿಗೆ ಏನೋ ಆಗಿಬಿಟ್ಟಿದೆ ಅಂತಲ್ಲ. ಈ ಹೆರಿಗೆಗೆ ಹೆಚ್ಚಿನ ನಿಗಾ ಬೇಕು, ಎಲ್ಲಿ ಹೆರಿಗೆ ಮಾಡಿಸಬೇಕು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು ಎಂದರ್ಥ. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಪಾಯ ಇರುವವರನ್ನು ಗುರುತಿಸೋದೇ ಇದರ ಮುಖ್ಯ ಉದ್ದೇಶ.

ಏನೇನು ನೋಡ್ತಾರೆ?

* ರಕ್ತ: ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ತೀವ್ರ. ಹೆರಿಗೆಯಲ್ಲಿ ರಕ್ತ ಹೋದರೆ ಅಂಥವರ ದೇಹ ತಡೆಯೋದು ಕಷ್ಟ.
* ಬಿಪಿ: 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ ಬೇಕು.
* ಶುಗರ್: 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆ ಬಿಟ್ಟು ಪರೀಕ್ಷೆ. 140 ಅಥವಾ ಅದಕ್ಕೂ ಮೇಲಿದ್ದರೆ ಗರ್ಭಾವಸ್ಥೆಯ ಮಧುಮೇಹ.
* ಹಿಂದಿನ ಹೆರಿಗೆ: ಸಿಸೇರಿಯನ್, ವಿಪರೀತ ರಕ್ತಸ್ರಾವ, ಹೊಟ್ಟೆಯಲ್ಲೇ ಮಗು ತೀರಿಕೊಂಡದ್ದು.
* ಉಳಿದಂತೆ: 18ಕ್ಕಿಂತ ಕಡಿಮೆ ಅಥವಾ 35 ದಾಟಿದ ವಯಸ್ಸು, ಅವಳಿ, ಥೈರಾಯ್ಡ್, ಹೃದಯದ ಕಾಯಿಲೆ.

‘ಚೆನ್ನಾಗೇ ಓಡಾಡ್ಕೊಂಡಿದ್ದಾಳಲ್ಲ’ ಅನ್ನೋ ಮಾತೇ ಮೋಸ ಮಾಡೋದು. ಬಿಪಿ, ಶುಗರ್ ಏರಿದ್ದು ಎಷ್ಟೋ ಸಲ ಗೊತ್ತೇ ಆಗಲ್ಲ. ಅಳತೆ ಮಾಡಿದರೆ ಮಾತ್ರ ತಿಳಿಯೋದು.

ಮಾತ್ರೆ ಬಿಡಬೇಡಿ

4ನೇ ತಿಂಗಳಿಂದ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ತಗೊಳ್ಳಬೇಕು. ಇದರಿಂದ ಮಲ ಕಪ್ಪಾಗುತ್ತೆ, ಮಗು ಕಪ್ಪಾಗಲ್ಲ. ಟೀ, ಕಾಫಿ, ಕ್ಯಾಲ್ಸಿಯಂ ಮಾತ್ರೆ ಜೊತೆ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತಲ್ಲ. ನಿಂಬೆ ಪಾನಕದ ಜೊತೆ ಒಳ್ಳೆಯದು.

ತವರಿಗೆ ಹೊರಟಾಗ

ಸೀಮಂತ ಮುಗಿಸಿ ತವರಿಗೆ ಹೋಗುವಾಗ ಸೀರೆ, ಬಳೆ ಎಲ್ಲ ಹೋಗುತ್ತೆ, ಕಾರ್ಡ್ ಮಾತ್ರ ಗಂಡನ ಮನೆ ಬೀರುವಿನಲ್ಲೇ ಉಳಿದಿರುತ್ತೆ. ಆಗ ಹೊಸ ಆಸ್ಪತ್ರೆಯವರಿಗೆ ಹಿಂದಿನ ಬಿಪಿ, ರಕ್ತದ ಲೆಕ್ಕ ಸಿಗಲ್ಲ. ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಜೊತೆಗೇ ಇರಲಿ. ಎರಡೂ ಊರಿನ ಆಶಾ ಕಾರ್ಯಕರ್ತೆಯರಿಗೆ ತಿಳಿಸಿ. ತವರಿನ ಹತ್ತಿರದ ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತದ ವ್ಯವಸ್ಥೆ ಇದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗೋದು, ಫಿಟ್ಸ್, ನೀರು ಒಡೆಯೋದು, ಮಗುವಿನ ಮಿಸುಕಾಟ ಕಡಿಮೆಯಾಗೋದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ.